ಸರ್ಕಾರವನ್ನೇ ‘ಯಾಕೆ?’ ಅಂದ ಪುಟ್ಟಸ್ವಾಮಿ

ಅಂಗಡಿಯ ಬಿಲ್ಲಿಂಗ್ ಕೌಂಟರ್‌ನಲ್ಲಿ “ಸಾರ್, ಮೊಬೈಲ್ ನಂಬರ್ ಹೇಳಿ” ಅಂದಾಗ “ಯಾಕೆ?” ಅಂತ ಕೇಳೋಕೆ ನಮಗೆ ಸಂಕೋಚ. ಸರ್ಕಾರವನ್ನೇ ಹಾಗೆ ಕೇಳಿದವರು ಒಬ್ಬರಿದ್ದರು. ನಮ್ಮ ಕರ್ನಾಟಕದವರೇ.

ಕೆ.ಎಸ್. ಪುಟ್ಟಸ್ವಾಮಿ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ. 2012ರಲ್ಲಿ, ಎಂಬತ್ತು ದಾಟಿದ ಮೇಲೆ, ಸುಪ್ರೀಂ ಕೋರ್ಟ್ ಮೆಟ್ಟಿಲೇರಿದರು. ಅವರ ತಕರಾರು ಇಷ್ಟೇ: ಸಂಸತ್ತು ಕಾನೂನೇ ಮಾಡಿಲ್ಲ, ಆಧಾರ್‌ಗೆ ಅಂತ ಜನರ ಬೆರಳಚ್ಚು, ಕಣ್ಣಿನ ಗುರುತು ಹೇಗೆ ತಗೋತೀರಿ?

ಸರ್ಕಾರದ ಉತ್ತರ ಕೇಳಿ. ಖಾಸಗಿತನ ಮೂಲಭೂತ ಹಕ್ಕೇ ಅಲ್ಲವಂತೆ! ಅದಕ್ಕೆ ಐವತ್ತು, ಅರವತ್ತರ ದಶಕದ ಎರಡು ಹಳೇ ತೀರ್ಪುಗಳ ಆಸರೆ. ಅದರಲ್ಲಿ ಒಂದು ಎಂಟು ನ್ಯಾಯಮೂರ್ತಿಗಳ ಪೀಠದ್ದು. ಅದನ್ನು ಸರಿಸೋಕೆ ಇನ್ನೂ ದೊಡ್ಡ ಪೀಠ ಬೇಕಲ್ಲ? ಒಂಬತ್ತು ಜನ ಕೂತರು. 2017ರ ಆಗಸ್ಟ್ 24ರಂದು ಒಂಬತ್ತೂ ಜನ ಒಮ್ಮತದಿಂದ ಹೇಳಿದರು: ಖಾಸಗಿತನ ಮೂಲಭೂತ ಹಕ್ಕು. ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನೊಳಗೇ ಅದಿದೆ.

ಹಾಗಂತ ಆಧಾರ್ ಬಿದ್ದುಹೋಯ್ತಾ? ಇಲ್ಲ. 2018ರಲ್ಲಿ ಐವರ ಪೀಠ ಬಹುಮತದಿಂದ ಅದನ್ನು ಉಳಿಸಿತು. ಬ್ಯಾಂಕ್ ಖಾತೆಗೆ, ಸಿಮ್‌ಗೆ ಆಧಾರ್ ಜೋಡಣೆ ಕಡ್ಡಾಯ ಅನ್ನೋದು ರದ್ದಾಯ್ತು. ನನ್ನ ಕೇಳಿದರೆ, ಅರ್ಧ ಗೆಲುವು.

ಆದರೆ ಆ ಒಂಬತ್ತರ ತೀರ್ಪು ಆಧಾರ್ ಆಚೆಗೂ ಹೋಯ್ತು. ವಯಸ್ಕರ ಸಲಿಂಗ ಸಂಬಂಧ ಅಪರಾಧವಲ್ಲ ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದಾಗ, ನೆಚ್ಚಿಕೊಂಡ ತೀರ್ಪುಗಳಲ್ಲಿ ಪುಟ್ಟಸ್ವಾಮಿ ಪ್ರಕರಣವೂ ಒಂದು.