ಎಲುಬು ಕಾಣುವ ನಾಯಿಯ ಕುಲಕಥೆ

ಶಹಾಪುರದ ಬಸ್ ನಿಲ್ದಾಣದ ಮುಂದೆ ಮುಧೋಳ ನಾಯಿಯ ಸರಪಳಿ ಹಿಡಿದು ಐದು ನಿಮಿಷ ನಿಂತರೆ ಸಾಕು, ಯಾರಾದರೊಬ್ಬರು ಬಂದು ಕೇಳಿಯೇ ಕೇಳುತ್ತಾರೆ. ‘ಯಾಕ್ರೀ ಅಣ್ಣಾರ, ಇದಕ್ಕ ಹೊಟ್ಟಿಗಿ ಹಾಕಲ್ರೇನು? ಎಲುಬು ಎಣಿಸ್ಲಾಕ ಬರ್ತಾವಲ್ಲ!’ ಮೊದಮೊದಲು ನನಗೆ ಬೇಸರವಾಗುತ್ತಿತ್ತು. ಈಗ ನಾಯಿಯ ಹಿಂಗಾಲಿನ ಕಡೆ ಬೆರಳು ತೋರಿಸುತ್ತೇನೆ. ಮೇಲೆ ತೊಡೆ ಹುರಿಗೊಂಡ ಹಗ್ಗದ ಹಾಗೆ, ಕೆಳಗೆ ಮೊಲದ ಪಾದದಂಥ ಉದ್ದ ಪಾದ, ಆಳವಾದ ಎದೆ, ಅಲ್ಲಿಂದ ಒಮ್ಮೆಲೇ ಒಳಕ್ಕೆ ಹೋದ ಹೊಟ್ಟೆ. ಕೊನೆಯ ಎರಡು ಮೂರು ಪಕ್ಕೆಲುಬು ಕಂಡರೆ ಅದು ಈ ನಾಯಿಯ ಆರೋಗ್ಯದ ಗುರುತು. ಅವು ಮುಚ್ಚಿಹೋದವು ಅಂದರೆ ಯಜಮಾನ ಅನ್ನ ಹೆಚ್ಚು ಹಾಕಿ ಓಟ ಕಡಿಮೆ ಮಾಡಿದ್ದಾನೆ ಎಂದೇ ಅರ್ಥ.

ಪಟ್ಟಣದವರು ಎಲುಬು ನೋಡುತ್ತಾರೆ. ಸುರಪುರ ಸೀಮೆಯ ಕುರಿಗಾರ ಹಿರಿಯರು ಕೇಳುವುದೇ ಬೇರೆ. ‘ಯಾರ ಮನಿ ಹೆಣ್ಣು ನಾಯಿದು ಇದು?’ ತಂದೆಯನ್ನಲ್ಲ, ತಾಯಿಯನ್ನು ಕೇಳುತ್ತಾರೆ. ತೋಳ ಬಂದ ರಾತ್ರಿ ಆ ತಾಯಿ ಹಟ್ಟಿ ಬಿಟ್ಟು ಓಡಿತೋ ನಿಂತಿತೋ, ಎಷ್ಟು ಕುನ್ನಿ ಹಾಕಿತು, ಎಷ್ಟು ಉಳಿದವು ಎಂಬುದೆಲ್ಲ ಅವರ ನೆನಪಿನಲ್ಲಿರುತ್ತದೆ. ನಾವು ‘ಶುದ್ಧ ತಳಿ’, ‘ಪೆಡಿಗ್ರಿ’ ಎಂದು ಇಂದು ಕರೆಯುವುದು ಈ ಪ್ರಶ್ನೆಯನ್ನೇ ಕಾಗದಕ್ಕೆ ಇಳಿಸಿದ ರೂಪ ಎಂದು ನನಗೆ ಅನ್ನಿಸುತ್ತದೆ. ಅದು ಕಾಗದಕ್ಕೆ ಇಳಿದ ಕಥೆಯಲ್ಲಿ ಶಹಾಪುರ, ಸುರಪುರಗಳ ನಮ್ಮ ಸಗರನಾಡಿನ ನೆರಳೂ ಇದೆ.

ನಾಯಿಯ ಗುಣ ಹೇಳಿ, ಹೆಸರಿಟ್ಟು, ಗೌರವಿಸುವುದು ಈ ನೆಲಕ್ಕೆ ಹೊಸದಲ್ಲ. ಸಗರವನ್ನೂ ಆಳಿದ ಕಲ್ಯಾಣದ ಚಾಲುಕ್ಯರಲ್ಲಿ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ಬರೆದ ‘ಮಾನಸೋಲ್ಲಾಸ’ದಲ್ಲಿ ಆನೆ, ಕುದುರೆಗಳ ಜೊತೆಗೆ ಬೇಟೆ ನಾಯಿಗಳ ವಿನೋದಕ್ಕೂ ಜಾಗ ಕೊಟ್ಟ. ಅದಕ್ಕಿಂತ ಹಳೆಯದು ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲು. 949ರಲ್ಲಿ ತಕ್ಕೋಲದ ಯುದ್ಧ ಗೆದ್ದು ಬಂದ ಮೇಲೆ ಗಂಗರ ಬೂತುಗ ತನ್ನ ವೀರ ಮಣಲೇರನಿಗೆ ಬೇಕಾದದ್ದು ಕೇಳು ಎಂದ. ಮಣಲೇರ ಕೇಳಿದ್ದು ‘ಕಾಳಿ’ ಎಂಬ ನಾಯಿಯನ್ನು. ಮುಂದೆ ಆ ಕಾಳಿ ಒಂದು ದೊಡ್ಡ ಕಾಡುಹಂದಿಯೊಡನೆ ಕಾದಿತು, ಎರಡೂ ಸತ್ತವು. ಮಣಲೇರ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟ. ಅಲ್ಲಿನ ಪೂಜಾರಿ ಗೊರವ ಆ ಕಲ್ಲನ್ನು ಪೂಜಿಸದೆ ಉಣ್ಣಕೂಡದು ಎಂದೂ ಕೊರೆಸಿದ. ನಾಯಿ ಮತ್ತು ಹಂದಿ ಎದುರುಬದುರಾಗಿ ನಿಂತ ಆ ಕಲ್ಲು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ.

ಗೊರವ ಎಂದೊಡನೆ ಯಾದಗಿರಿಯವರಿಗೆ ಮೈಲಾಪುರ ನೆನಪಾಗದೆ ಇರದು. ಸಂಕ್ರಾಂತಿಯ ದಿನ ಮಲ್ಲಯ್ಯನ ಗುಡ್ಡ ಭಂಡಾರದಿಂದ ಹಳದಿಯಾಗುತ್ತದೆ, ‘ಏಳು ಕೋಟಿಗೋ’ ಎಂಬ ಕೂಗು ಏಳುತ್ತದೆ, ಕಬ್ಬಿಣದ ಸರಪಳಿ ಹರಿಯುವುದನ್ನು ನೋಡಲು ಸಾವಿರಾರು ಜನ ಉಸಿರು ಹಿಡಿದು ನಿಂತಿರುತ್ತಾರೆ. ಮಲ್ಲಯ್ಯನೆಂದರೆ ಮೈಲಾರನೇ; ಅವನ ಒಕ್ಕಲಿನ ಗೊರವರು ತಮ್ಮನ್ನು ದೇವರ ನಾಯಿಗಳೆಂದೇ ತಿಳಿದವರು. ದೋಣಿ ಎಂಬ ಪಾತ್ರೆ ತುಂಬಿಸುವ ಸೇವೆಯಲ್ಲಿ ನಾಯಿಯಂತೆ ಬೊಗಳಿ, ದೋಣಿಗೆ ಬಾಯಿ ಹಚ್ಚಿ ಹಾಲು ಬಾಳೆಹಣ್ಣು ಉಣ್ಣುತ್ತಾರೆ. ನಾಯಿ ಎಂಬುದು ಬೈಗುಳವಾಗಿರುವ ಊರಲ್ಲೇ ನಾಯಿಯಾಗುವುದು ಭಕ್ತಿಯೂ ಆಗಿದೆ.

ಇನ್ನು ಬೇಡರ ಮಾತು. 1705ರಲ್ಲಿ ಔರಂಗಜೇಬ್ ತನ್ನ ಕೊನೆಯ ಮುತ್ತಿಗೆ ಹಾಕಿದ್ದು ನಮ್ಮ ವಾಗಿನಗೇರಿಗೆ, ಬೇಡ ನಾಯಕರ ಕೋಟೆಗೆ. ಈ ಸೀಮೆಯ ಬೇಡರು ಗುರಿಕಾರರು, ಬೇಟೆಗಾರರು. ಬೇಟೆ ಇದ್ದಲ್ಲಿ ನಾಯಿ ಇರಲೇಬೇಕು. ಕೃಷ್ಣೆಯ ಈಚೆ ಸುರಪುರ, ಆಚೆ ಮುಧೋಳ ಸೀಮೆಯ ಹಲಗಲಿ. ಎರಡೂ ಕಡೆ ಅದೇ ಜನ, ಅದೇ ಬಯಲು, ಅದೇ ಮೊಲ ಮತ್ತು ಚಿಗರೆ. ಮರ ಕಡಿಮೆ ಇರುವ ಇಂಥ ಬಯಲಲ್ಲಿ ಮೂಸಿ ಹುಡುಕುವ ನಾಯಿಗಿಂತ ದೂರದಿಂದಲೇ ಕಣ್ಣಿಟ್ಟು ಬೆನ್ನಟ್ಟುವ ನಾಯಿ ಗೆಲ್ಲುತ್ತದೆ. ಉದ್ದ ಕಾಲು, ಸಪೂರ ಮುಖ, ತೆಳು ಚರ್ಮ ಇವೆಲ್ಲ ಆ ಓಟ ಕೊಟ್ಟ ಬಳುವಳಿ. ಮುಧೋಳ ನಾಯಿಯ ಮೂಲ ಪಶ್ಚಿಮ ಏಷ್ಯಾದ ಸಲೂಕಿಯಂಥ ನಾಯಿಗಳಲ್ಲಿದೆ, ದಖನಿಗೆ ಬಂದ ಸೈನಿಕರು ವ್ಯಾಪಾರಿಗಳ ಜೊತೆ ಬಂತು ಎನ್ನುತ್ತಾರೆ. ಬಂದದ್ದು ಎಲ್ಲಿಂದಲೇ ಇರಲಿ, ಇದನ್ನು ಈಗಿನ ಆಕಾರಕ್ಕೆ ತಂದದ್ದು ಎರೆಮಣ್ಣಿನ ಹೊಲ ಮತ್ತು ಅದನ್ನು ಸಾಕಿದ ಬಡವರ ಕಣ್ಣು.

ಮುಂದೆ ಹೇಳುವ ಮೂರು ವರ್ಷಗಳನ್ನು ಅಕ್ಕಪಕ್ಕ ಇಟ್ಟು ಓದಿದಾಗಲೆಲ್ಲ ನನ್ನ ಮನಸ್ಸು ಕಲಕುತ್ತದೆ. 1857ರಲ್ಲಿ ಬ್ರಿಟಿಷರು ಆಯುಧ ಒಪ್ಪಿಸಬೇಕೆಂದು ಕಾನೂನು ತಂದರು. ಹಲಗಲಿಯ ಬೇಡರು ಕೊಡಲಿಲ್ಲ. ಆ ನವೆಂಬರ್ ಕೊನೆಗೆ ಊರನ್ನು ಸುಟ್ಟರು, ಹಿಡಿದವರಲ್ಲಿ ಹಲವರನ್ನು ಗಲ್ಲಿಗೇರಿಸಿದರು. 1858ರ ಫೆಬ್ರವರಿಯಲ್ಲಿ ಸುರಪುರ ಬಿದ್ದಿತು, ರಾಜಾ ವೆಂಕಟಪ್ಪ ನಾಯಕರು ಸೆರೆಯಾಗಿ ಅದೇ ವರ್ಷ ತೀರಿಕೊಂಡರು. ಮರುವರ್ಷ, 1859ರ ಜೂನ್ 28 ಮತ್ತು 29ರಂದು ಇಂಗ್ಲೆಂಡಿನ ನ್ಯೂಕ್ಯಾಸಲ್ ಊರಿನಲ್ಲಿ ಒಂದು ಕೂಟ ಸೇರಿತು. ಪಾಯಿಂಟರ್ ಮತ್ತು ಸೆಟರ್ ಎಂಬ ಎರಡೇ ಬಗೆಯ ಬೇಟೆ ನಾಯಿಗಳನ್ನು ಸಾಲಾಗಿ ನಿಲ್ಲಿಸಿ ಯಾವುದು ಉತ್ತಮ ಎಂದು ತೀರ್ಪು ಕೊಟ್ಟರು. ಲೋಕದ ಮೊದಲ ಡಾಗ್ ಶೋ ಎಂದು ಇದನ್ನೇ ಹೇಳುತ್ತಾರೆ. ಅದನ್ನು ನಡೆಸಿದವರಲ್ಲೊಬ್ಬ ಬಂದೂಕು ತಯಾರಕ. ಗೆದ್ದ ನಾಯಿಯ ಯಜಮಾನನಿಗೆ ಬಹುಮಾನ ಬಂದೂಕು. ನಮ್ಮ ಬೇಟೆಗಾರರಿಂದ ಕಸಿದುಕೊಂಡಿದ್ದೂ ಅದನ್ನೇ.

ಅಲ್ಲಿಂದ ಮುಂದಕ್ಕೆ ಬರವಣಿಗೆಯ ಕಾಲ. 1873ರಲ್ಲಿ ಲಂಡನ್ನಿನಲ್ಲಿ ಕೆನಲ್ ಕ್ಲಬ್ ಹುಟ್ಟಿತು, ಮರುವರ್ಷ ವಂಶಾವಳಿಯ ಪುಸ್ತಕ ಅಚ್ಚಾಯಿತು. ಈ ತಳಿಯ ನಾಯಿ ಹೀಗೇ ಇರಬೇಕು ಎಂದು ಕಿವಿಯಿಂದ ಬಾಲದವರೆಗೆ ಅಳತೆ ಬರೆದರು. ನಮ್ಮಲ್ಲಿ ತಳಿಯನ್ನು ಆರಿಸಿ ಬೆಳೆಸುವ ಕೆಲಸ ಹಿಡಿದವರು ಮುಧೋಳ ಸಂಸ್ಥಾನದ ಮಾಲೋಜಿರಾವ್ ಘೋರ್ಪಡೆ (1884–1937). ತಮ್ಮ ಸೀಮೆಯ ಬೇಡರ ಜೊತೆ ಓಡುವ ಈ ನಾಯಿಗಳನ್ನು ಕಂಡು ಮೆಚ್ಚಿ ಅರಮನೆಗೆ ತಂದು ಬೆಳೆಸಿದರು. ಇಂಗ್ಲೆಂಡಿಗೆ ಹೋದಾಗ ಐದನೆಯ ಜಾರ್ಜ್ ದೊರೆಗೆ ಒಂದು ಜೋಡಿ ಕಾಣಿಕೆ ಕೊಟ್ಟರು, ‘ಮುಧೋಳದ ಹೌಂಡ್’ ಎಂಬ ಹೆಸರು ಆಗ ಬಂತು ಎಂಬುದು ಅಲ್ಲಿನ ಮನೆಮನೆಯ ಮಾತು. ಘೋರ್ಪಡೆಯವರ ಕಣ್ಣು ದೊಡ್ಡದು. ಆದರೆ ಅರಮನೆಗೆ ಬರುವ ಮೊದಲೇ ನಾಯಿ ತಯಾರಾಗಿತ್ತು. ಅದನ್ನು ತಯಾರು ಮಾಡಿದ ಬೇಡರ ಹೆಸರು ಯಾವ ವಂಶಾವಳಿಯ ಕಾಗದದಲ್ಲೂ ಇಲ್ಲ.

ಹೆಸರಿನ ಗೊಂದಲ ಇಂದಿಗೂ ಮುಗಿದಿಲ್ಲ. ಮಹಾರಾಷ್ಟ್ರದವರು ಇದನ್ನು ಕಾರವಾನಿ ಎನ್ನುತ್ತಾರೆ. ಚೆನ್ನೈಯಲ್ಲಿ ಕಚೇರಿ ಇರುವ ಕೆನಲ್ ಕ್ಲಬ್ ಆಫ್ ಇಂಡಿಯಾ ‘ಕ್ಯಾರವಾನ್ ಹೌಂಡ್’ ಎಂದೇ ನೋಂದಾಯಿಸುತ್ತದೆ, ಇಂಡಿಯನ್ ನ್ಯಾಷನಲ್ ಕೆನಲ್ ಕ್ಲಬ್ ‘ಮುಧೋಳ ಹೌಂಡ್’ ಎನ್ನುತ್ತದೆ. ಕಿವಿ, ಬಾಲ, ಕಾಲಿನ ಮೇಲೆ ರೇಷ್ಮೆಯಂಥ ಕೂದಲಿರುವ ಬಗೆಗೆ ಪಶ್ಮಿ ಎಂಬ ಹೆಸರು. ಅಂಚೆ ಇಲಾಖೆ 2005ರಲ್ಲಿ ದೇಶೀ ನಾಯಿಗಳ ಚೀಟಿ ಹೊರತಂದಾಗ ಅದರಲ್ಲಿ ಇದ್ದದ್ದು ‘ಮುಧೋಳ’. ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಬೀದರಿನ ಪಶು ವಿಶ್ವವಿದ್ಯಾಲಯ ಈ ನಾಯಿಗಾಗಿಯೇ ಸಂಶೋಧನಾ ಕೇಂದ್ರ ನಡೆಸುತ್ತಿದೆ. ಅಲ್ಲಿಂದ ಕುನ್ನಿಗಳು 2016ರಲ್ಲಿ ಮೀರತ್‌ನ ಸೇನಾ ಕೇಂದ್ರಕ್ಕೆ ತರಬೇತಿಗೆ ಹೋದವು. 2020ರ ಆಗಸ್ಟ್‌ನಲ್ಲಿ ಪ್ರಧಾನಿ ‘ಮನ್ ಕೀ ಬಾತ್’ನಲ್ಲಿ ಇದರ ಹೆಸರು ಹೇಳಿದ ಮೇಲೆ ಕುನ್ನಿ ಕೊಳ್ಳುವವರ ಫೋನು ನಮ್ಮಂಥವರಿಗೂ ಬರತೊಡಗಿತು.

ನನಗೆ ಭಯ ಹುಟ್ಟಿದ್ದು ಅಲ್ಲಿಂದ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆ ನಿಂತಿತು, ನಿಲ್ಲಬೇಕಾದದ್ದೇ. ಆದರೆ ಬೇಟೆಗಾಗಿ ಹುಟ್ಟಿದ ನಾಯಿಗೆ ಕೆಲಸ ಇಲ್ಲವಾಯಿತು. ಗಂಟೆಗೆ ಹತ್ತಾರು ಕಿಲೋಮೀಟರ್ ವೇಗದಲ್ಲಿ ಓಡಬೇಕಾದ ದೇಹವನ್ನು ಹತ್ತಡಿ ಸರಪಳಿಗೆ ಕಟ್ಟಿ, ಗೇಟಿಗೆ ‘ನಾಯಿ ಇದೆ ಎಚ್ಚರಿಕೆ’ ಎಂದು ಬೋರ್ಡು ಹಾಕಿದರೆ ಅದು ಸಾಕಿದಂತಲ್ಲ. ಬೆಳಗಿನ ಐದೂವರೆಗೆ ಎದ್ದು ಸುಗ್ಗಿ ಮುಗಿದ ಹೊಲಕ್ಕೆ ಕರೆದೊಯ್ಯಲು ಆಗದವರು ಈ ನಾಯಿಯನ್ನು ತರಲೇಬಾರದು ಎಂದು ನಾನು ಮುಖಕ್ಕೆ ಹೇಳುತ್ತೇನೆ. ಸೈಬೀರಿಯನ್ ಹಸ್ಕಿ, ಸೇಂಟ್ ಬರ್ನಾರ್ಡ್ ತರುವವರ ಬಗ್ಗೆ ಇನ್ನೂ ಬೇಸರ. ನಮ್ಮ ಮೇ ತಿಂಗಳ ಬಿಸಿಲು 42 ಡಿಗ್ರಿ ದಾಟುತ್ತದೆ. ನಾಯಿಗೆ ಮೈಯೆಲ್ಲ ಬೆವರುವುದಿಲ್ಲ, ಏದುಸಿರು ಬಿಟ್ಟೇ ಕಾವು ಇಳಿಸಿಕೊಳ್ಳಬೇಕು. ಹಿಮದ ನಾಡಿನ ಎರಡು ಪದರ ಕೂದಲು ಹೊತ್ತು ಅದು ಯಾದಗಿರಿಯ ಮಧ್ಯಾಹ್ನವನ್ನು ಕಳೆಯುವುದು ಹೇಗೆ? ಮೂಗು ಒಳಹೋದ ಪಗ್‌ಗಂತೂ ಏದುಸಿರೂ ಸಲೀಸಲ್ಲ. 2003ರ ಒಂದು ಮೊಬೈಲ್ ಜಾಹೀರಾತಿನಿಂದ ಆ ನಾಯಿ ಊರೂರಿಗೆ ಬಂತು.

ನನ್ನ ತಪ್ಪನ್ನೂ ಹೇಳಬೇಕು. ನನ್ನ ಮೊದಲ ಕುನ್ನಿಯನ್ನು ತಂದಾಗ ಅದಕ್ಕೆ ಐದು ವಾರ. ಮಾರಿದವರು ‘ಎಲ್ಲಾ ಇಂಜೆಕ್ಷನ್ ಆಗ್ಯಾವ್ರೀ’ ಎಂದರು, ನಾನು ಪುಸ್ತಕ ಕೇಳಲಿಲ್ಲ. ಬಂದ ಒಂಬತ್ತನೆಯ ದಿನ ಹಾಲು ಬಿಟ್ಟಿತು. ಸಂಜೆಗೆ ವಾಂತಿ, ರಾತ್ರಿ ರಕ್ತದ ಭೇದಿ. ಆ ವಾಸನೆ ನನಗೆ ಇವತ್ತೂ ಮರೆತಿಲ್ಲ. ಪಾರ್ವೊ ರೋಗ. ನಮ್ಮವ್ವ ಅದರ ಬಾಯಿಗೆ ಚಮಚದಲ್ಲಿ ನೀರು ಹಾಕುತ್ತಾ ಬೆಳಗಿನ ತನಕ ಕೂತಿದ್ದಳು. ಅದು ಕಣ್ಣು ತೆರೆದುಕೊಂಡೇ ಹೋಯಿತು. ಆರರಿಂದ ಎಂಟು ವಾರದೊಳಗೆ ಮೊದಲ ಲಸಿಕೆ, ಆಮೇಲೆ ಮೂರು ನಾಲ್ಕು ವಾರಕ್ಕೊಮ್ಮೆ ಹದಿನಾರು ವಾರದ ತನಕ, ಮೂರು ತಿಂಗಳಿಗೆ ಹುಚ್ಚುನಾಯಿ ರೋಗದ ಲಸಿಕೆ ಮತ್ತು ಪ್ರತಿವರ್ಷ ಅದು. ಈ ಲೆಕ್ಕವನ್ನು ನಾನು ಕಲಿತದ್ದು ಅದನ್ನು ಮಣ್ಣು ಮಾಡಿ ಬಂದ ಮೇಲೆ. ಎಂಟು ವಾರ ತುಂಬದ ಕುನ್ನಿ ಮಾರಬಾರದು, ಹದಿನೆಂಟು ತಿಂಗಳು ತುಂಬದ ಹೆಣ್ಣನ್ನು ಗಂಡಿಗೆ ಬಿಡಬಾರದು, ವರ್ಷಕ್ಕೊಂದೇ ಸೂಲು, ಜೀವಮಾನಕ್ಕೆ ಐದಕ್ಕಿಂತ ಹೆಚ್ಚಿಲ್ಲ ಎಂದು 2017ರ ಕೇಂದ್ರದ ನಿಯಮ ಹೇಳುತ್ತದೆ. ನಾಯಿ ಮಾರುವ ಎಷ್ಟು ಜನ ಅದನ್ನು ಓದಿದ್ದಾರೆ?

ಇಷ್ಟೆಲ್ಲ ಹೊಣೆ ಹೊತ್ತ ಮೇಲೆ ಪ್ರದರ್ಶನದ ಸುಖ ನಿಜಕ್ಕೂ ದೊಡ್ಡದು. ಮೈಸೂರು ದಸರೆಯ ಶ್ವಾನ ಪ್ರದರ್ಶನ ನಾಡಿಗೆಲ್ಲ ಗೊತ್ತು. ನಮ್ಮ ಕಡೆಯ ಮೇಳಗಳಲ್ಲೂ ಪಶು ಇಲಾಖೆಯವರು ಆಗಾಗ ಏರ್ಪಡಿಸುತ್ತಾರೆ. ಹೊರಗಿನಿಂದ ನೋಡುವವರಿಗೆ ಅದು ನಾಯಿ ನಾಯಿಗಳ ಪೈಪೋಟಿ. ಜಡ್ಜ್ ನೋಡುವುದು ಬೇರೆ. ಪಕ್ಕದ ನಾಯಿಗೆ ಅಲ್ಲ, ತನ್ನ ತಳಿಗೆ ಬರೆದ ಅಳತೆಗೆ ಪ್ರತಿ ನಾಯಿಯನ್ನೂ ಹೋಲಿಸುತ್ತಾರೆ. ಮುಧೋಳ ಗಂಡಾದರೆ ಭುಜದ ಎತ್ತರ 68ರಿಂದ 72 ಸೆಂಟಿಮೀಟರ್, ಹೆಣ್ಣಾದರೆ 64ರಿಂದ 68. ಮೇಲಿನ ಹಲ್ಲು ಕೆಳಗಿನದರ ಮೇಲೆ ಕತ್ತರಿಯ ಹಾಗೆ ಕೂಡಬೇಕು. ಓಡಿಸಿದಾಗ ಕಾಲು ಎತ್ತಿ ಎತ್ತಿ ಹಗುರಾಗಿ ಇಡಬೇಕು.

ಇದರಲ್ಲಿ ಕಷ್ಟದ್ದು ಹಲ್ಲು. ಮುಧೋಳ ನಾಯಿಗೆ ಅಪರಿಚಿತರ ಕೈ ಸೇರುವುದಿಲ್ಲ, ಮುಟ್ಟಿದರೆ ಮೈ ಮುದುರಿಕೊಂಡು ಹಿಂದೆ ಸರಿಯುತ್ತದೆ. ಹೆದರಿಸಿ ನಿಲ್ಲಿಸಿದರೆ ಬಾಲ ಕಾಲಸಂದಿಗೆ ಹೋಗುತ್ತದೆ, ಅಲ್ಲಿಗೆ ಮುಗಿಯಿತು. ಈಗಿನ ನನ್ನ ನಾಯಿಗೆ ನಾನು ಮೂರನೆಯ ತಿಂಗಳಿಂದ ದಿನಾ ಸಂಜೆ ಕಟ್ಟೆಯ ಮೇಲೆ ಕೂತು ತುಟಿ ಎತ್ತಿ ನೋಡುವ ಅಭ್ಯಾಸ ಹಾಕಿದೆ. ಆಮೇಲೆ ತಂಗಿಯ ಕೈ, ಆಮೇಲೆ ಓಣಿಯ ಹುಡುಗರ ಕೈ, ಕೊನೆಗೆ ಕಿರಾಣಿ ಅಂಗಡಿ ಕಾಕಾನ ಕೈ. ಆರು ತಿಂಗಳು ಹಿಡಿಯಿತು. ಮೊದಲ ಪ್ರದರ್ಶನದ ದಿನ ಜಡ್ಜ್ ಬಗ್ಗಿ ತುಟಿ ಎತ್ತಿದಾಗ ಅದು ಕದಲಲಿಲ್ಲ, ಕಣ್ಣು ಮಾತ್ರ ಹೊರಳಿಸಿ ನನ್ನನ್ನು ನೋಡಿತು. ನಮಗೆ ಬಂದದ್ದು ಮೂರನೆಯ ಸ್ಥಾನ. ಆ ನೋಟಕ್ಕೆ ಮೊದಲನೆಯ ಸ್ಥಾನವೂ ಸಮವಲ್ಲ.

ಕಾಗದದ ನಾಯಿ ಕಾಗದಕ್ಕೇ ಬದುಕುವ ಅಪಾಯವೂ ಇದೆ. ಬಹುಮಾನ ಬಂದ ಒಂದೇ ಗಂಡನ್ನು ಅದರ ಮಗಳಿಗೆ, ಮೊಮ್ಮಗಳಿಗೆ ಬಿಟ್ಟರೆ ನೋಟ ಬೇಗ ಗಟ್ಟಿಯಾಗುತ್ತದೆ, ಒಳಗಿನ ರೋಗವೂ ಅದರ ಜೊತೆಗೆ ಗಟ್ಟಿಯಾಗುತ್ತದೆ. ಅದಕ್ಕೇ ನಾನು ಹೊರಗಿನ ಊರಿನ, ಕಾಗದವಿಲ್ಲದ ಆದರೆ ಓಡುವ ಹಳ್ಳಿಯ ನಾಯಿಗಳನ್ನೂ ಹುಡುಕಿ ನೋಡಬೇಕು ಎನ್ನುತ್ತೇನೆ. ವೈದ್ಯರ ಬಳಿ ಹೋದಾಗ ಇದು ಯಾವ ತಳಿ ಎಂದು ಮೊದಲೇ ಹೇಳುವುದೂ ಮುಖ್ಯ. ಕೊಬ್ಬಿಲ್ಲದ ಈ ಮೈಯಲ್ಲಿ ಕೆಲವು ಅರಿವಳಿಕೆ ಔಷಧಗಳು ಇಳಿಯಲು ಬೇರೆ ನಾಯಿಗಳಿಗಿಂತ ಹೆಚ್ಚು ಹೊತ್ತು ಬೇಕು.

ಕಳೆದ ಚಳಿಗಾಲ ಕುರಿ ಹಿಂಡು ಹಾಕಿದ್ದ ಒಬ್ಬ ಮುತ್ಯಾ ನಮ್ಮ ಹೊಲದ ಬದುವಿನಲ್ಲಿ ಕಂಬಳಿ ಹೊದ್ದು ಕೂತಿದ್ದರು. ನಾಯಿಯನ್ನು ಮೇಲಿಂದ ಕೆಳಗೆ ನೋಡಿ, ‘ಯಾರ ಮನಿ ಹೆಣ್ಣು ನಾಯಿದಪ್ಪ?’ ಎಂದರು. ಜೇಬಿನಲ್ಲಿದ್ದ ಪ್ರಮಾಣಪತ್ರದ ಜೆರಾಕ್ಸ್ ತೆಗೆದು ತಾಯಿಯ ಹೆಸರು, ಅದರ ತಾಯಿಯ ಹೆಸರು, ಮೂರು ತಲೆಮಾರು ಓದಿದೆ. ಮುತ್ಯಾ ಪ್ರತಿ ಹೆಸರಿಗೂ ಹೂಂಗುಟ್ಟುತ್ತಾ ಪೂರ್ತಿ ಕೇಳಿದರು.

‘ಛಲೋ ಆತು. ಇನ್ನ ಸರಪಳಿ ಬಿಚ್ಚು, ನೋಡೂಣು.’

ಬಿಚ್ಚಿದೆ. ಕೊಯ್ದ ಕಡಲೆ ಹೊಲದ ಆ ತುದಿಯಲ್ಲಿ ಅದು ಒಂದು ಕಂದು ಗೆರೆಯಾಗಿ ತಿರುಗುತ್ತಿದ್ದಾಗ ಮುತ್ಯಾ ಕಂಬಳಿ ಸರಿಸಿ ಎದ್ದು ನಿಂತಿದ್ದರು.