ಎಂಟು ಜಿಬಿ ಅಂದರೆ ಯಾವ ಎಂಟು ಜಿಬಿ?

ಭತ್ತದ ಸುಗ್ಗಿ ಬಂತೆಂದರೆ ಗಂಗಾವತಿಯ ಅಕ್ಕಿ ಗಿರಣಿಗಳಲ್ಲಿ ಲೆಕ್ಕ ಬರೆಯುವ ಲ್ಯಾಪ್‌ಟಾಪಿಗೂ ಬಿಡುವಿಲ್ಲ. ಟ್ಯಾಲಿ ಒಂದು ಕಡೆ, ಜಿಎಸ್‌ಟಿ ಪುಟ ಒಂದು ಕಡೆ, ಬ್ಯಾಂಕಿನದು ಇನ್ನೊಂದು ಕಡೆ ತೆರೆದರೆ ನಾಲ್ಕು ಜಿಬಿಯ ಹಳೆಯ ಯಂತ್ರ ಅಲ್ಲೇ ಕೂತುಬಿಡುತ್ತದೆ. ಆಗ ರಿಪೇರಿ ಅಂಗಡಿಗೆ ಬರುವ ಬೇಡಿಕೆ ಒಂದೇ: “ಎಂಟು ಜಿಬಿ ರ‍್ಯಾಮ್ ಹಾಕಿ ಕೊಡ್ರಿ.” ಪಳಗಿದ ಕೈಯವನು ತಕ್ಷಣ ಹೂಂ ಅನ್ನುವುದಿಲ್ಲ. “ತಡೀರಿ ಸಾಹುಕಾರ್ರ, ಮೊದ್ಲ ಹಳೇದು ಯಾವುದೈತಿ ನೋಡೂಣು” ಎಂದು ಸ್ಕ್ರೂಡ್ರೈವರ್ ಎತ್ತಿಕೊಳ್ಳುತ್ತಾನೆ. ಕುಷ್ಟಗಿ, ಯಲಬುರ್ಗಾದಿಂದ ಯಂತ್ರ ಹೊತ್ತು ಕೊಪ್ಪಳಕ್ಕೆ ಬಂದವರಿಗೆ ಸಿಗುವ ಉತ್ತರವೂ ಇದೇ. ಹಳೆಯದನ್ನು ಯಾಕೆ ನೋಡಬೇಕು? ಕಾರಣ ಹುಡುಕುತ್ತ ಹೋದರೆ 1966ಕ್ಕೆ ಮುಟ್ಟುತ್ತೇವೆ.

ಆ ವರ್ಷ ಅಮೆರಿಕದ ಐಬಿಎಂ ಸಂಶೋಧನಾ ಕೇಂದ್ರದಲ್ಲಿದ್ದ ರಾಬರ್ಟ್ ಡೆನಾರ್ಡ್ ಒಂದು ಬಿಟ್ ನೆನಪಿಡಲು ಆರು ಟ್ರಾನ್ಸಿಸ್ಟರ್ ಬೇಡುವ ಮೆಮೊರಿಯ ಮೇಲೆ ಕೆಲಸ ಮಾಡುತ್ತಿದ್ದರು. ಅದೇ ಸಂಸ್ಥೆಯ ಇನ್ನೊಂದು ತಂಡ ಕಾಂತೀಯ ಮೆಮೊರಿಯ ಬಗ್ಗೆ ವಿವರಿಸಿದ್ದನ್ನು ಕೇಳಿದಾಗ, ಅದರ ಸರಳತೆ ಅವರ ತಲೆ ಕೆಡಿಸಿತು. ತಮ್ಮದು ಯಾಕೆ ಇಷ್ಟು ಜಟಿಲ? ಅಂದು ಸಂಜೆ ಮನೆಯ ಸೋಫಾದಲ್ಲಿ ಕೂತಾಗ ಹೊಳೆಯಿತು: ಒಂದು ಟ್ರಾನ್ಸಿಸ್ಟರ್, ಒಂದು ಪುಟ್ಟ ಕೆಪಾಸಿಟರ್ ಸಾಕು. ವಿದ್ಯುದಂಶ ಇದ್ದರೆ ಒಂದು, ಇಲ್ಲದಿದ್ದರೆ ಸೊನ್ನೆ. 1968ರಲ್ಲಿ ಪೇಟೆಂಟ್ ಸಿಕ್ಕಿತು. ಇವತ್ತಿನ ಎಲ್ಲ ಲ್ಯಾಪ್‌ಟಾಪ್ ರ‍್ಯಾಮ್‌ಗಳೂ ಆ ಸಂಜೆಯ ಸಂತಾನವೇ.

ಆದರೆ ಕೆಪಾಸಿಟರ್ ಎನ್ನುವುದು ಬುಡ ತೂತಾದ ಕೊಡ. ತುಂಬಿದ್ದು ಸೋರುತ್ತಲೇ ಇರುತ್ತದೆ. ಸಾಮಾನ್ಯವಾಗಿ 64 ಮಿಲಿಸೆಕೆಂಡಿನೊಳಗೆ ಮತ್ತೆ ತುಂಬದಿದ್ದರೆ ನೆನಪು ಅಳಿಯುತ್ತದೆ. ಯಾವಾಗ ತುಂಬಬೇಕು, ಸಾಲು ತೆರೆದ ಮೇಲೆ ಎಷ್ಟು ಹೊತ್ತು ಕಾಯಬೇಕು, ಎಷ್ಟು ವೋಲ್ಟ್ ಕೊಡಬೇಕು: ಇದೆಲ್ಲವನ್ನೂ ಹೊರಗಿನ ನಿಯಂತ್ರಕ ತಿಳಿದಿರಲೇಬೇಕು. ಡೆನಾರ್ಡ್ ಮೆಮೊರಿಯನ್ನು ಅಗ್ಗ ಮಾಡಿದರು, ಜೊತೆಗೆ ಅದನ್ನು ಪರಾವಲಂಬಿಯನ್ನಾಗಿಯೂ ಮಾಡಿದರು. ಹೊಂದಾಣಿಕೆಯ ತಕರಾರಿನ ಬೇರು ಇಲ್ಲಿದೆ ಎಂಬುದು ನನ್ನ ಎಣಿಕೆ.

ಮೊದಮೊದಲು ಈ ತಕರಾರು ಬಳಕೆದಾರನವರೆಗೆ ಬರಲಿಲ್ಲ. ಚಿಪ್‌ಗಳನ್ನು ಬೋರ್ಡಿನ ಮೇಲೆ ಒಂದೊಂದಾಗಿ ಕೂರಿಸುತ್ತಿದ್ದರು. 1983ರಲ್ಲಿ ವಾಂಗ್ ಲ್ಯಾಬೊರೇಟರೀಸ್ ಚಿಪ್‌ಗಳನ್ನೆಲ್ಲ ಒಂದು ಸಣ್ಣ ಪಟ್ಟಿಗೆ ಬೆಸೆದು, ಪಟ್ಟಿಯನ್ನೇ ಸಿಕ್ಕಿಸುವ ಉಪಾಯ ತಂದಿತು. ಸಿಮ್ ಎಂದು ಕರೆದದ್ದು ಅದನ್ನೇ. ಮೊಬೈಲಿನ ಸಿಮ್ ಬೇರೆ. ಈಗ ಯಾರ ಪಟ್ಟಿಯನ್ನು ಯಾರು ಬೇಕಾದರೂ ಎಲ್ಲಿ ಬೇಕಾದರೂ ಹಾಕಬಹುದಾಯಿತು. ಹಾಕಿದ್ದು ಏನೆಂದು ಯಂತ್ರಕ್ಕೆ ಹೇಳುವವರು ಯಾರು? 72 ಪಿನ್ನಿನ ಪಟ್ಟಿಯಲ್ಲಿ ನಾಲ್ಕು ಪಿನ್ ಇದಕ್ಕೇ ಮೀಸಲಿಟ್ಟರು. ಪ್ರತಿಯೊಂದನ್ನೂ ಗ್ರೌಂಡಿಗೆ ಜೋಡಿಸಬಹುದು, ಇಲ್ಲವೇ ಖಾಲಿ ಬಿಡಬಹುದು. ಒಟ್ಟು 16 ಸಂಕೇತ. ಗಾತ್ರ, ವೇಗ, ಬಗೆ ಎಲ್ಲ ಬೆಳೆಯುತ್ತ ಹೋದಂತೆ ಹದಿನಾರು ಎಲ್ಲಿಗೆ ಸಾಕು?

ಉತ್ತರ ಬಂದದ್ದು ಟಿವಿಯಿಂದ. ಟಿವಿಯೊಳಗಿನ ಚಿಪ್‌ಗಳು ಎರಡೇ ತಂತಿಯಲ್ಲಿ ಮಾತಾಡಿಕೊಳ್ಳಲೆಂದು ಫಿಲಿಪ್ಸ್ 1982ರಲ್ಲಿ ಒಂದು ವ್ಯವಸ್ಥೆ ರೂಪಿಸಿತ್ತು. ಮೆಮೊರಿಯ ಮಾನದಂಡಗಳನ್ನು ಗೊತ್ತುಮಾಡುವ ಜೆಡೆಕ್ ಸಂಸ್ಥೆ ಅದನ್ನು ಎತ್ತಿಕೊಂಡಿತು. ಪ್ರತಿ ಪಟ್ಟಿಯ ಮೇಲೆ ಒಂದು ಪುಟಾಣಿ ಚಿಪ್. ಅದರಲ್ಲಿ ಪಟ್ಟಿಯ ಬಗೆ, ಗಾತ್ರ, ವೇಗ, ವೋಲ್ಟೇಜ್, ಕಾಯುವ ಅವಧಿ, ತಯಾರಕರ ಗುರುತು. ಇದೇ ಎಸ್‌ಪಿಡಿ. ಡಿಡಿಆರ್3 ಎಂಬ ಪೀಳಿಗೆಯ ಪಟ್ಟಿಯಲ್ಲಿ ಇದರ ಗಾತ್ರ ಬರೀ 256 ಬೈಟ್. ಅದರ ಮೂರನೆಯ ಬೈಟು ಓದಿದರೆ ಸಾಕು, ಡಿಡಿಆರ್3 ಹೌದೋ ಅಲ್ಲವೋ ಗೊತ್ತಾಗುತ್ತದೆ. ಇದರಲ್ಲೊಂದು ತಮಾಷೆಯಿದೆ. ಪ್ರೋಗ್ರಾಂ ಓಡಲು ರ‍್ಯಾಮ್ ಬೇಕು, ಆದರೆ ರ‍್ಯಾಮ್ ಚಾಲೂ ಆಗುವ ಮೊದಲೇ ಈ ವಿವರ ಓದಬೇಕು. ಹಾಗಾಗಿ ಯಂತ್ರವನ್ನು ಚಾಲೂ ಮಾಡುವ ಬಯೋಸ್ ಆ ಹೊತ್ತಿಗೆ ಪ್ರೊಸೆಸರಿನೊಳಗಿನ ಕ್ಯಾಶ್ ಮೆಮೊರಿಯನ್ನೇ ಸಾಲ ಪಡೆದು ಕೆಲಸ ನಡೆಸುತ್ತದೆ.

ನಮ್ಮ ಕಡೆಯ ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಹೆಚ್ಚು ಕಾಡುವುದು ಡಿಡಿಆರ್3. ಪಟ್ಟಿಯ ಅಂಚಿನ ಕಚ್ಚು ಪೀಳಿಗೆ ಬದಲಾದಂತೆ ಜಾಗ ಬದಲಿಸುತ್ತದೆ; ಡಿಡಿಆರ್3ರ ಪಟ್ಟಿಗೆ 204 ಪಿನ್, ಡಿಡಿಆರ್4ಕ್ಕೆ 260, ಡಿಡಿಆರ್5ಕ್ಕೆ 262. ಒಂದರಲ್ಲಿ ಇನ್ನೊಂದು ಕೂರುವುದೇ ಇಲ್ಲ. ಆದರೆ 1.5 ವೋಲ್ಟಿನ ಡಿಡಿಆರ್3ಕ್ಕೂ 1.35 ವೋಲ್ಟಿನ ಡಿಡಿಆರ್3ಎಲ್‌ಗೂ ಪಿನ್ ಅವೇ, ಕಚ್ಚು ಅದೇ. 2013ರಲ್ಲಿ ಬಂದ ಇಂಟೆಲ್ಲಿನ ನಾಲ್ಕನೇ ಪೀಳಿಗೆಯ ಲ್ಯಾಪ್‌ಟಾಪ್ ಪ್ರೊಸೆಸರ್‌ಗಳಿಗೆ ಕಡಿಮೆ ವೋಲ್ಟಿನದೇ ಬೇಕು. 1.5 ವೋಲ್ಟಿನದು ಸಲೀಸಾಗಿ ಒಳಗೆ ಕೂರುತ್ತದೆ, ಪರದೆ ಮಾತ್ರ ಕಪ್ಪಗೇ ಉಳಿಯುತ್ತದೆ. ಗಿರಾಕಿ ರ‍್ಯಾಮ್ ಕೆಟ್ಟಿದೆ ಎಂದು ಜಗಳಕ್ಕೆ ನಿಲ್ಲುತ್ತಾನೆ. ರ‍್ಯಾಮ್ ಕೆಟ್ಟಿರುವುದಿಲ್ಲ. ಪಟ್ಟಿಯ ಚೀಟಿಯಲ್ಲಿ ಪಿಸಿ3 ಎಂದಿದೆಯೋ, ಪಿಸಿ3ಎಲ್ ಎಂದಿದೆಯೋ, ಆ ಒಂದಕ್ಷರ ನೋಡಿದ್ದರೆ ಮುಗಿಯುತ್ತಿತ್ತು. ಅಂಗಡಿಯವನು ಹಳೆಯದನ್ನು ಮೊದಲು ಬಿಚ್ಚುವುದು ಆ ಅಕ್ಷರಕ್ಕಾಗಿಯೇ.

ಬಿಚ್ಚದೆಯೂ ನೋಡಬಹುದು. ವಿಂಡೋಸ್‌ನ ಟಾಸ್ಕ್ ಮ್ಯಾನೇಜರಿನಲ್ಲಿ ಮೆಮೊರಿ ಒತ್ತಿದರೆ ವೇಗ ಎಷ್ಟು, ಎಷ್ಟು ಸ್ಲಾಟ್ ತುಂಬಿವೆ ಎಂದು ತೋರಿಸುತ್ತದೆ. ಸಿಪಿಯು-ಝಡ್ ಎಂಬ ಉಚಿತ ತಂತ್ರಾಂಶದ ಎಸ್‌ಪಿಡಿ ಪುಟವಂತೂ ಆ ಪುಟಾಣಿ ಚಿಪ್ಪಿನ ಬರಹವನ್ನೇ ಬಿಡಿಸಿಡುತ್ತದೆ. ಹಳೆಯ, ಹೊಸ ಪಟ್ಟಿಗಳ ವೇಗ ಬೇರೆಬೇರೆಯಾದರೆ ಭಯ ಬೇಡ, ಎರಡೂ ಸಾಮಾನ್ಯವಾಗಿ ನಿಧಾನದ್ದರ ಲೆಕ್ಕಕ್ಕೆ ಇಳಿಯುತ್ತವೆ. ಬೋರ್ಡಿಗೆ ಎಷ್ಟು ಜಿಬಿಯ ಮಿತಿ ಎಂಬುದನ್ನು ಮಾತ್ರ ತಯಾರಕರ ಕೈಪಿಡಿಯಲ್ಲೇ ನೋಡಬೇಕು.

ಹಲವು ತೆಳ್ಳಗಿನ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸೆದಿರುತ್ತಾರೆ. ಅಂಥದ್ದನ್ನು ಕೊಳ್ಳುವಾಗಲೇ ಹದಿನಾರು ಜಿಬಿಯದನ್ನು ಕೊಳ್ಳುವುದು ಜಾಣತನ, ಆಮೇಲೆ ಸೇರಿಸಲು ಜಾಗವೇ ಇರುವುದಿಲ್ಲ. ಬೆಸುಗೆಯಿಲ್ಲದೆ, ತೆಳ್ಳಗೂ ಇರುವಂತೆ, ಸ್ಕ್ರೂ ಹಾಕಿ ಕೂರಿಸುವ ಕ್ಯಾಮ್2 ಎಂಬ ಹೊಸ ಪಟ್ಟಿಯ ಮಾನದಂಡವನ್ನು ಜೆಡೆಕ್ 2023ರ ಡಿಸೆಂಬರಿನಲ್ಲಿ ಹೊರತಂದಿದೆ.