ಬೀಳುವ ಮುನ್ನ ಎಚ್ಚರಗೊಳ್ಳುವ ಯಂತ್ರ

ಮದುವೆಯ ಛಾಯಾಚಿತ್ರಗಳು, ಜಮೀನಿನ ಪತ್ರಗಳ ಪ್ರತಿಗಳು, ಮಕ್ಕಳ ವ್ಯಾಸಂಗದ ಬರಹಗಳು ಇಂದು ಅನೇಕ ಮನೆಗಳಲ್ಲಿ ಲ್ಯಾಪ್‌ಟಾಪಿನ ಹಾರ್ಡ್ ಡಿಸ್ಕನ್ನು ಸೇರಿವೆ. ಆ ಯಂತ್ರವು ಮೇಜಿನಿಂದ ಜಾರಿ ಬಿದ್ದರೆ ಹಲವು ವರ್ಷಗಳ ಸಂಗ್ರಹ ಕ್ಷಣಮಾತ್ರದಲ್ಲಿ ಅಳಿಯಬಹುದು. ಆದುದರಿಂದ ಅದರ ರಕ್ಷಣೆಯ ಬಗೆಯನ್ನು ಗೃಹಸ್ಥರು ಅರಿತಿರುವುದು ಯುಕ್ತವಾಗಿದೆ.

ಹಾರ್ಡ್ ಡಿಸ್ಕಿನೊಳಗೆ ನುಣುಪಾದ ತಟ್ಟೆಯೊಂದು ನಿಮಿಷಕ್ಕೆ ಸಾಮಾನ್ಯವಾಗಿ 5,400 ಸುತ್ತು ತಿರುಗುತ್ತಿರುತ್ತದೆ. ಅದರ ಮೇಲೆ ಓದು-ಬರಹದ ಶಿರವು ತೇಲುತ್ತಿರುತ್ತದೆ. ಇವೆರಡರ ನಡುವಣ ಅಂತರವು ಕೂದಲೆಳೆಯ ದಪ್ಪದ ಸಾವಿರದ ಒಂದು ಪಾಲಿಗಿಂತಲೂ ಕಡಿಮೆ. ಪೆಟ್ಟು ಬಿದ್ದಾಗ ಶಿರವು ತಟ್ಟೆಗೆ ತಾಗಿದರೆ ಅಲ್ಲಿನ ಲೇಪವು ಕೆರೆದುಹೋಗುತ್ತದೆ. ಲೇಪದೊಡನೆ ಬರಹವೂ ನಾಶವಾಗುತ್ತದೆ.

ಮುಕ್ಕಾಲು ಮೀಟರ್ ಎತ್ತರದಿಂದ ಬೀಳುವ ವಸ್ತು ನೆಲ ಮುಟ್ಟಲು ಸುಮಾರು 0.39 ಸೆಕೆಂಡು ಬೇಕು. ಆ ಅಲ್ಪಾವಧಿಯಲ್ಲೇ ಶಿರವನ್ನು ತಟ್ಟೆಯಿಂದ ಸರಿಸಿ ಬದಿಯ ಇಳಿಜಾರಿನಲ್ಲಿ ನಿಲ್ಲಿಸುವುದೇ ಈ ರಕ್ಷಣೆಯ ತತ್ತ್ವ. ಐಬಿಎಂ ಸಂಸ್ಥೆಯು 2003ರಲ್ಲಿ ತನ್ನ ಥಿಂಕ್‌ಪ್ಯಾಡ್‌ಗಳಲ್ಲಿ ಚಲನೆಯನ್ನರಿಯುವ ಸಂವೇದಕವನ್ನು ಇದಕ್ಕಾಗಿ ಅಳವಡಿಸಿತು.

ಲಿನಕ್ಸ್ ವ್ಯವಸ್ಥೆಗೆ ಈ ಸಂವೇದಕವನ್ನು ಓದುವ 'ಎಚ್‌ಡಿಎಪಿಎಸ್' ಚಾಲಕವು 2005ರಲ್ಲಿ, 2.6.14ನೆಯ ಆವೃತ್ತಿಯೊಡನೆ ದೊರೆಯಿತು. ಶಿರವನ್ನು ಸರಿಸುವ ಸಾರ್ವತ್ರಿಕ ಸೌಲಭ್ಯವು 2008ರ 2.6.28ನೆಯ ಆವೃತ್ತಿಯಲ್ಲಿ ಸೇರಿತು. ಇಲ್ಲಿ ಕಾರ್ಯಗಳು ಹಂಚಿಕೆಯಾಗಿವೆ. 'ಎಚ್‌ಡಿಎಪಿಎಸ್‌ಡಿ' ಎಂಬ ಪ್ರತ್ಯೇಕ ತಂತ್ರಾಂಶವು ಸಂವೇದಕವನ್ನು ಗಮನಿಸುತ್ತ ಅಪಾಯವನ್ನು ನಿರ್ಣಯಿಸುತ್ತದೆ. ಅದರ ಸೂಚನೆ ಬಂದೊಡನೆ ಲಿನಕ್ಸಿನ ತಿರುಳು ಓದು-ಬರಹವನ್ನು ತಡೆದು ಶಿರವನ್ನು ಸರಿಸುತ್ತದೆ. ಒಂದು ಸೂಚನೆಗೆ ಗರಿಷ್ಠ ತಡೆ 30 ಸೆಕೆಂಡು. ಕಾವಲಿನ ಈ ತಂತ್ರಾಂಶವನ್ನು ಸ್ಥಾಪಿಸದೆ ಸಂವೇದಕವೊಂದೇ ಇದ್ದರೆ ಪ್ರಯೋಜನವಿಲ್ಲ. ಎಚ್‌ಪಿ ಹಾಗೂ ಡೆಲ್ ಸಂಸ್ಥೆಗಳ ಕೆಲವು ಯಂತ್ರಗಳಲ್ಲಿ ಬೀಳುವಿಕೆಯನ್ನು ಸಂವೇದಕವೇ ಗುರುತಿಸಿ ಲಿನಕ್ಸಿಗೆ ತಿಳಿಸುತ್ತದೆ.

ಈ ಕಾವಲಿಗೂ ಮಿತಿಗಳುಂಟು. ಹಾರ್ಡ್ ಡಿಸ್ಕ್ ಆ ಆದೇಶವನ್ನು ಪಾಲಿಸುವಂತಹದಾಗಿರಬೇಕು. ಇದ್ದಲ್ಲಿಯೇ ಹಠಾತ್ತನೆ ತಗಲುವ ಪೆಟ್ಟಿಗೆ ಮುನ್ಸೂಚನೆ ಇರದು. ತಂತಿಯಿಂದ ಜೋಡಿಸಿದ ಹೊರಗಿನ ಡಿಸ್ಕು ಬಿದ್ದರೆ ಲ್ಯಾಪ್‌ಟಾಪಿನ ಸಂವೇದಕವು ಅದನ್ನರಿಯದು. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ಎಸ್‌ಎಸ್‌ಡಿಗಳಲ್ಲಿ ತಿರುಗುವ ತಟ್ಟೆಯೇ ಇಲ್ಲದಿರುವುದರಿಂದ ಈ ಕಾವಲು ಅನಗತ್ಯ.

ಹಳೆಯ ಯಂತ್ರವನ್ನು ಬಳಸುವವರು ಅದು ನಡೆಯುತ್ತಿರುವಾಗ ಎತ್ತಿಕೊಂಡು ಓಡಾಡಬಾರದು. ಒಯ್ಯುವ ಮುನ್ನ ಆರಿಸಬೇಕು. ಅಮೂಲ್ಯ ದಾಖಲೆಗಳ ಇನ್ನೊಂದು ಪ್ರತಿಯನ್ನು ಬೇರೆಡೆ ಇರಿಸಬೇಕು. ಸಂವೇದಕವು ಅಪಾಯವನ್ನು ತಗ್ಗಿಸಬಲ್ಲದು. ಕಳೆದುಹೋದುದನ್ನು ಮರಳಿ ತರಬಲ್ಲುದು ಆ ಪ್ರತಿಯೊಂದೇ.